ಹಿಮ ಕರಗುತ್ತಿದೆ: ನಾಯಿ ವಾಕಿಂಗ್‌ಗೆ ಹೋದಾಗ ನಿಮ್ಮ ಬೀದಿಯಲ್ಲಿ ಏನೇನು ಕಾಣಿಸ್ತಿದೆ?

ಹಂಬರ್_ದಂಡೆ (ಟೊರಾಂಟೊ)

ಎಲ್ಲರಿಗೂ ನಮಸ್ಕಾರ. ಈ ವಾರ ಇಲ್ಲಿ ಹಗಲು ಆರೇಳು ಡಿಗ್ರಿ, ರಾತ್ರಿ ಮತ್ತೆ ಸೊನ್ನೆಗಿಂತ ಕೆಳಗೆ. ನವೆಂಬರ್‌ನಿಂದ ಮುಚ್ಚಿಕೊಂಡಿದ್ದ ನೆಲ ಈಗ ಕಾಣಿಸ್ತಿದೆ. ನಮ್ಮ ಬೆಲ್ಲ (ಲ್ಯಾಬ್ ಮಿಶ್ರ ತಳಿ, ನಾಲ್ಕು ವರ್ಷ) ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾನೆ. ಹೆಪ್ಪುಗಟ್ಟಿದ್ದ ವಾಸನೆಗಳೆಲ್ಲ ಒಟ್ಟಿಗೆ ಬಿಚ್ಚಿಕೊಂಡಿವೆ. ಮೂಗು ಎತ್ತಿಸೋದೇ ಕಷ್ಟ.

ನಾನು ಕಂಡದ್ದು: ಬೇಲಿ ಗೂಟಕ್ಕೆ ಸಿಕ್ಕಿಸಿರೋ ಒಂಟಿ ಗ್ಲೌಸ್‌ಗಳು. ಹಿಡಿ ಮುರಿದ ಸ್ನೋ ಶವೆಲ್. ಪ್ಲಾಸ್ಟಿಕ್ ಕವರಿನಲ್ಲೇ ಒದ್ದೆಯಾಗಿ ಉಬ್ಬಿದ ಜಾಹೀರಾತು ಪೇಪರ್‌ಗಳು. ಕಾಫಿ ಕಪ್ಪು, ಕ್ರಿಸ್‌ಮಸ್ ದೀಪದ ಕ್ಲಿಪ್ಪು. ಪ್ಲಾಜಾ ಪಾರ್ಕಿಂಗ್ ಮೂಲೆಯಲ್ಲಿ ಒಂದಾಳೆತ್ತರದ ಕರೀ ಗುಡ್ಡ, ಅದು ಹಿಮ ಅಂತ ಹೇಳಿದರೆ ಊರಿನವರು ನಂಬಲ್ಲ. ಮತ್ತೆ ಎಲ್ಲಕ್ಕಿಂತ ಜಾಸ್ತಿ, ನಾಯಿ ಕಕ್ಕ. ಡಿಸೆಂಬರ್‌ದು ಒಂದು ಪದರ, ಜನವರಿದು ಇನ್ನೊಂದು. ಕೆಲವರು ಕವರಿಗೆ ಹಾಕಿ, ಗಂಟು ಕಟ್ಟಿ, ಅದನ್ನು ಮರದ ಕೊಂಬೆಗೆ ನೇತುಹಾಕಿ ಹೋಗಿದ್ದಾರೆ. ಅಷ್ಟು ಮಾಡಿದವರಿಗೆ ಡಬ್ಬದವರೆಗೆ ಒಯ್ಯೋಕೆ ಏನಾಯ್ತು?

ನನ್ನ ಪ್ರಶ್ನೆ ಎರಡು. ನಿಮ್ಮ ಕಡೆ ಏನೇನು ಕಾಣಿಸ್ತಿದೆ? ಎರಡನೇದು, ನಮ್ಮ ಬೀದಿಯಲ್ಲಿ ಒಬ್ಬರು ಚಳಿಗಾಲ ಪೂರ್ತಿ ತಮ್ಮ ನಾಯಿದು ಎತ್ತಲೇ ಇಲ್ಲ. ಕೇಳಿದರೆ "ಅದು ಗೊಬ್ಬರ, ಮಣ್ಣಿಗೆ ಒಳ್ಳೇದು" ಅಂತಾರೆ. ಇವರ ಹತ್ತಿರ ಹೇಗೆ ಮಾತಾಡೋದು?

ಚಳಿಪ್ರಿಯ (ವಿನ್ನಿಪೆಗ್)

ನಿಮಗೆ ಆಗಲೇ ನೆಲ ಕಾಣಿಸ್ತಿದೆಯಾ! ನಮಗೆ ಇನ್ನೂ ಮೊಣಕಾಲುದ್ದ ಇದೆ.

ಹತ್ತುಸಾವಿರ_ಕೆರೆ (ಮಿನಿಯಾಪೊಲಿಸ್)

ಗೊಬ್ಬರದ ಮಾತಿಗೆ ಮೊದಲು ಉತ್ತರ ಕೊಡ್ತೀನಿ. ನಮ್ಮೂರಲ್ಲಿ ಸಗಣಿ ನೋಡಿ ಬೆಳೆದವರಿಗೆ ಈ ವಾದ ಸರಿ ಅನ್ನಿಸಬಹುದು. ಆದರೆ ಹಸು ಹುಲ್ಲು ತಿನ್ನುತ್ತೆ, ನಾಯಿ ಮಾಂಸ ತಿನ್ನುತ್ತೆ. ನಾಯಿ ಮಲದಲ್ಲಿ ಸಾರಜನಕ ಎಷ್ಟು ಗಟ್ಟಿ ಇರುತ್ತೆ ಅಂದ್ರೆ ಬಿದ್ದ ಜಾಗದ ಹುಲ್ಲು ಸುಟ್ಟು ಹಳದಿಯಾಗುತ್ತೆ. ಅದರ ಜೊತೆ ಇ-ಕೋಲಿ, ಜಿಯಾರ್ಡಿಯಾ ಥರದ ಹೊಟ್ಟೆ ಕೆಡಿಸೋ ರೋಗಾಣು, ಜಂತುಹುಳದ ಮೊಟ್ಟೆ. ಆ ಮೊಟ್ಟೆ ಚಳಿಗೆ ಸಾಯಲ್ಲ, ಮಣ್ಣಲ್ಲಿ ವರ್ಷಗಟ್ಟಲೆ ಬದುಕಿರಬಲ್ಲದು. ಮಕ್ಕಳು ಅದೇ ಮಣ್ಣಲ್ಲಿ ಆಡ್ತಾರೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸಾಕುಪ್ರಾಣಿ ಮಲವನ್ನೂ ನೀರು ಕೆಡಿಸುವ ಮೂಲಗಳಲ್ಲಿ ಒಂದು ಅನ್ನುತ್ತೆ. ಕಾರಣ ಸರಳ. ಬೀದಿ ಬದಿಯ ಕಬ್ಬಿಣದ ಜಾಲರಿಗೆ ಇಳಿಯೋ ನೀರು ನಮ್ಮಲ್ಲಿ ಶುದ್ಧೀಕರಣ ಘಟಕಕ್ಕೆ ಹೋಗಲ್ಲ. ನೇರ ಕೆರೆಗೆ, ಇಲ್ಲಾಂದ್ರೆ ಮಿಸ್ಸಿಸ್ಸಿಪ್ಪಿಗೆ. ಐದು ತಿಂಗಳು ಕೂಡಿಟ್ಟಿದ್ದೆಲ್ಲ ಒಂದೆರಡು ವಾರದಲ್ಲಿ ಹರಿದುಹೋಗುತ್ತೆ. ಬೇಸಿಗೆಯಲ್ಲಿ ಲೇಕ್ ಹ್ಯಾರಿಯೆಟ್‌ನಲ್ಲಿ ಮಕ್ಕಳನ್ನು ಈಜಿಸೋದು ಅದೇ ನೀರಲ್ಲಿ.

ಇಲ್ಲಿ "ಅಡಾಪ್ಟ್ ಎ ಡ್ರೈನ್" ಅಂತ ಒಂದು ಕಾರ್ಯಕ್ರಮ ಇದೆ. ನಿಮ್ಮ ಬೀದಿಯ ಒಂದು ಜಾಲರಿಯನ್ನು ನೀವು ಹೆಸರು ಬರೆಸಿ ದತ್ತು ತಗೋಬಹುದು. ಅದರ ಮೇಲೆ ಕೂತ ಎಲೆ, ಕಸ, ಮಂಜುಗಡ್ಡೆ ತೆಗೆಯೋದು ನಿಮ್ಮ ಕೆಲಸ. ನಾನೂ ಒಂದು ತಗೊಂಡಿದ್ದೀನಿ. ವಾಕಿಂಗ್ ದಾರಿಯಲ್ಲೇ ಇರೋದರಿಂದ ಬೇರೆ ಶ್ರಮ ಇಲ್ಲ.

ನೇರಮಾತು (ಮಿಸ್ಸಿಸಾಗಾ)

ಎಲ್ಲ ಸರಿ. ಆದರೆ ಮೈನಸ್ 25ರಲ್ಲಿ, ಬೆಳಗ್ಗೆ ಆರಕ್ಕೆ, ಕತ್ತಲಲ್ಲಿ, ನಾಯಿ ಹೋಗಿ ಹಿಮದ ರಾಶಿಯ ಮಧ್ಯೆ ಕೂತರೆ ಎತ್ತೋದು ಹೇಗೆ ಹೇಳಿ. ಗ್ಲೌಸ್ ತೆಗೆದರೆ ಬೆರಳು ಮರಗಟ್ಟುತ್ತೆ. ಬಿಸಿ ಇರೋದು ಹಿಮದೊಳಗೆ ಇಳಿದು ಕಾಣೋದೂ ಇಲ್ಲ. ವಯಸ್ಸಾದವರು ಇರ್ತಾರೆ, ಮಂಡಿ ನೋವಿನವರು ಇರ್ತಾರೆ. ಎಲ್ಲರನ್ನೂ ಸೋಮಾರಿ ಅನ್ನೋದು ಸರಿಯಲ್ಲ.

ಚಳಿಪ್ರಿಯ (ವಿನ್ನಿಪೆಗ್)

@ನೇರಮಾತು ಮೈನಸ್ 25 ಅಂದ್ರೆ ನಮ್ಮಲ್ಲಿ ಮಾಮೂಲಿ ಜನವರಿ ಸರ್. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತೆ. ಆದರೂ ಎತ್ತಬಹುದು. ಗ್ಲೌಸ್ ತೆಗೆಯಲೇಬೇಡಿ. ಕವರನ್ನು ಮನೇಲೇ ಒಳಗು-ಹೊರಗು ಮಾಡಿ ಗ್ಲೌಸ್ ಮೇಲೇ ಹಾಕ್ಕೊಳ್ಳಿ, ಹಿಡಿದು, ತಿರುವಿ ಎಳೆದರೆ ಮುಗೀತು. ತಲೆಗೆ ಕಟ್ಟೋ ಟಾರ್ಚ್ ತಗೊಳ್ಳಿ. ನಾಯಿ ಕೊರಳಿಗೂ ಒಂದು ಪುಟ್ಟ ದೀಪ ಹಾಕಿ, ಎಲ್ಲಿ ಕೂತಿತು ಅಂತ ಗೊತ್ತಾಗುತ್ತೆ. ಮಂಡಿ ನೋವಿದ್ದರೆ ಉದ್ದ ಹಿಡಿಯ ಸ್ಕೂಪರ್ ಸಿಗುತ್ತೆ.

ನಿಜವಾಗಲೂ ಸಿಗಲಿಲ್ಲ ಅಂದ್ರೆ ಸರಿ, ಜಾಗ ನೆನಪಿಟ್ಟುಕೊಂಡು ಕರಗಿದ ಮೇಲೆ ಹೋಗಿ ಎತ್ತಿ. ನಾನು ಹಾಗೇ ಮಾಡೋದು.

ನೇರಮಾತು (ಮಿಸ್ಸಿಸಾಗಾ)

ಕವರನ್ನು ಗ್ಲೌಸ್ ಮೇಲೆ ಹಾಕೋ ಉಪಾಯ ಒಪ್ಪಿದೆ. ಆದರೆ ನಗರಸಭೆಯವರದೂ ತಪ್ಪಿದೆ. ಚಳಿಗಾಲ ಬಂತು ಅಂದ್ರೆ ನಮ್ಮ ಪಾರ್ಕಿನ ಕಸದ ಡಬ್ಬ ಅರ್ಧಕ್ಕರ್ಧ ಕಾಣೆ. ಇರೋದು ಹಿಮದಲ್ಲಿ ಹೂತಿರುತ್ತೆ. ಮರಕ್ಕೆ ನೇತುಹಾಕಿದವರು ವಾಪಸ್ ಬರುವಾಗ ತಗೊಳ್ಳೋಣ ಅಂದುಕೊಂಡು ಬೇರೆ ದಾರಿಯಲ್ಲಿ ಹೋಗಿರಬಹುದು.

ಸಾಗರದವ (ಒಟ್ಟಾವಾ)

ಡಬ್ಬದ ವಿಷಯ ಬಂದಿದ್ದಕ್ಕೆ. ಒಟ್ಟಾವಾದಲ್ಲಿ 2019ರಿಂದ ನಾಯಿ ಕಕ್ಕವನ್ನು ಕವರ್ ಸಮೇತ ಮನೆಯ ಗ್ರೀನ್ ಬಿನ್‌ಗೆ, ಅಂದ್ರೆ ಹಸಿ ಕಸದ ಡಬ್ಬಕ್ಕೆ, ಹಾಕಬಹುದು. ಟೊರಾಂಟೊದಲ್ಲೂ ಗ್ರೀನ್ ಬಿನ್‌ಗೆ ನಡೆಯುತ್ತೆ. ಎಲ್ಲ ಊರಲ್ಲೂ ಹಾಗಿಲ್ಲ, ನಿಮ್ಮ ಊರಿನ ನಿಯಮ ಒಮ್ಮೆ ನೋಡ್ಕೊಳ್ಳಿ.

ಹತ್ತುಸಾವಿರ_ಕೆರೆ (ಮಿನಿಯಾಪೊಲಿಸ್)

ನಮ್ಮಲ್ಲಿ ಆಗಲ್ಲ. ಹಸಿ ಕಸಕ್ಕೆ ನಾಯಿದು ಹಾಕೋ ಹಾಗಿಲ್ಲ, ಮಾಮೂಲಿ ಕಸಕ್ಕೇ ಹಾಕಬೇಕು. ಕವರ್ ಮೇಲೆ "ಕಾಂಪೋಸ್ಟಬಲ್" ಅಂತ ಇದ್ದರೂ ಅಷ್ಟೇ. ಅದನ್ನು ನೋಡಿ ಪೊದೆಗೆ ಎಸೆಯೋರೂ ಇದ್ದಾರೆ, ಕರಗಿ ಹೋಗುತ್ತೆ ಅಂತ. ಅದು ಕೊಳೆಯೋಕೆ ಬಿಸಿ ಗೊಬ್ಬರ ಘಟಕ ಬೇಕು. ಹಿಮದಡಿ ಪೊದೆಯಲ್ಲಿ ಹಾಗೇ ಬಿದ್ದಿರುತ್ತೆ.

ರಾಯರು_ಧಾರವಾಡ (ಸದ್ಯ ಬ್ರಾಂಪ್ಟನ್)

ನಮಸ್ಕಾರ್ರೀ ಎಲ್ಲರಿಗೂ. ನಾನು ಮಗನ ಮನೆಗೆ ಬಂದು ಮೊದಲ ಚಳಿಗಾಲ. ಮಗ, ಸೊಸೆ ಕೆಲಸಕ್ಕೆ ಹೋಗ್ತಾರೆ, ನಾಯಿ ತಿರುಗಿಸೋ ಕೆಲಸ ನಂದು. ಗೋಲ್ಡನ್ ರಿಟ್ರೀವರ್, ಹೆಸರು ಗುಂಡ.

ಹಿಮ ಕರಗಿದ ಮೇಲೆ ಹಿತ್ತಲ ಹುಲ್ಲಿನೊಳಗ ಒಂದು ವಿಚಿತ್ರ ಕಂಡೆ. ಎರಡು ಬೆರಳಗಲದ ಕಾಲುವೆ. ನೆಟ್ಟಗಿಲ್ಲ, ಹಾವು ಹರಿದ ಹಾಗೆ ಸುತ್ತಿ ಬಳಸಿ ಹೋಗಿದೆ. ಕುಡುಗೋಲಿನಿಂದ ಕತ್ತರಿಸಿದಷ್ಟು ನೀಟಾಗಿ ಹುಲ್ಲು ಬುಡಕ್ಕೆ ಕತ್ತರಿಸಿದೆ. ಒಂದು ಕಡೆ ಒಣಹುಲ್ಲಿನ ಮುಷ್ಟಿ ಗಾತ್ರದ ಉಂಡೆ. ಗುಂಡ ಅಲ್ಲೇ ಮೂಗಿಟ್ಟು ಕಾಲಿಂದ ಕೆದರ್ತಾನೆ. ಹುಲ್ಲಿನ ಮೇಲೆ ಅಲ್ಲಲ್ಲಿ ಜೇಡರ ಬಲೆಯಂಥ ಬೂದು ಬಣ್ಣದ ಬೂಷ್ಟು ಬೇರೆ. ನಾನು ಹೊಲ ಮಾಡಿದವ, ಆದರೆ ಇಂಥಾದ್ದು ಕಂಡಿಲ್ಲ. ಇದೇನ್ರೀ? ನಾಯಿಗೆ ತೊಂದರೆ ಏನಾದರೂ?

ಹಂಬರ್_ದಂಡೆ (ಟೊರಾಂಟೊ)

ರಾಯರೇ, ಅದು ವೋಲ್ ಅನ್ನೋ ಗಿಡ್ಡ ಬಾಲದ ಇಲಿಯ ದಾರಿ. ಹಿಮ ದಪ್ಪಗೆ ಬಿದ್ದ ಮೇಲೆ ನೆಲಕ್ಕೂ ಹಿಮಕ್ಕೂ ನಡುವೆ ಒಂದು ಸಂದು ಉಳಿಯುತ್ತೆ. ಮೇಲೆ ಮೈನಸ್ 20 ಇದ್ದರೂ ಆ ಸಂದಿನಲ್ಲಿ ಸೊನ್ನೆಯ ಆಸುಪಾಸು. ಹೊದಿಕೆ ಇದ್ದ ಹಾಗೆ. ವೋಲ್‌ಗಳು ಚಳಿಗಾಲ ಪೂರ್ತಿ ಅಲ್ಲೇ ಓಡಾಡ್ತಾವೆ, ಹುಲ್ಲು ಕತ್ತರಿಸಿ ತಿಂತಾವೆ, ಒಣಹುಲ್ಲಿನ ಗೂಡು ಕಟ್ಟಿಕೊಳ್ತಾವೆ. ನೀವು ಕಂಡ ಉಂಡೆ ಅದೇ ಗೂಡು. ಹಿಮ ಹೋದಾಗ ಅವುಗಳ ಊರಿನ ನಕ್ಷೆ ಪೂರ್ತಿ ಬಯಲಾಗುತ್ತೆ. ಕೈಲಿ ಸ್ವಲ್ಪ ಬಾಚಿ ಬಿಟ್ಟರೆ ಮೇ ಹೊತ್ತಿಗೆ ಹುಲ್ಲು ತಾನೇ ಕೂಡಿಕೊಳ್ಳುತ್ತೆ.

ಬೂದು ಬೂಷ್ಟು ಅಂದ್ರೆ ಸ್ನೋ ಮೋಲ್ಡ್. ಹಿಮದಡಿ ಒದ್ದೆಯಾಗಿ ಒತ್ತಿಕೊಂಡ ಹುಲ್ಲಿಗೆ ಬರೋ ಶಿಲೀಂಧ್ರ. ಗುಲಾಬಿ ಬಣ್ಣದ್ದೂ ಇದೆ. ಬಿಸಿಲು, ಗಾಳಿ ಬಿದ್ದರೆ ಒಣಗಿ ಹೋಗುತ್ತೆ. ಗುಂಡ ಅದರಲ್ಲಿ ಹೊರಳಾಡದ ಹಾಗೆ ನೋಡ್ಕೊಳ್ಳಿ, ಸಾಕು.

ಪಂಜ_ಪಾಲಕಿ (ಹ್ಯಾಮಿಲ್ಟನ್)

ನಾನು ಪ್ರಾಣಿಗಳ ಕ್ಲಿನಿಕ್‌ನಲ್ಲಿ ಕೆಲಸ ಮಾಡ್ತೀನಿ. ರಾಯರೇ, ಗುಂಡ ಆ ವೋಲ್ ಹಿಡಿದು ತಿನ್ನದ ಹಾಗೂ ನೋಡ್ಕೊಳ್ಳಿ. ಯಾರಾದರೂ ಇಲಿ ಪಾಷಾಣ ಇಟ್ಟಿದ್ದರೆ ನಾಯಿಗೂ ವಿಷ ಸೇರುತ್ತೆ.

ಮಾರ್ಚ್, ಏಪ್ರಿಲ್‌ನಲ್ಲಿ ಇನ್ನೂ ಮೂರು ವಿಷಯಕ್ಕೆ ಎಚ್ಚರ ಬೇಕು.

ಒಂದು, ಆಂಟಿಫ್ರೀಜ್, ಅಂದ್ರೆ ಎಂಜಿನ್ ನೀರು ಹೆಪ್ಪುಗಟ್ಟದಿರಲಿ ಅಂತ ಹಾಕೋ ದ್ರವ. ಕಾರಿನಿಂದ ಸೋರಿ ಡ್ರೈವ್‌ವೇ ನೀರಿನಲ್ಲಿ ಸೇರಿರುತ್ತೆ. ಅದರ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತೆ, ನಾಯಿ ನೆಕ್ಕುತ್ತೆ. ಸ್ವಲ್ಪ ಹೊಟ್ಟೆಗೆ ಹೋದರೂ ಮೂತ್ರಪಿಂಡ ಹೋಗುತ್ತೆ. ಕುಡಿದಿದೆ ಅಂತ ಅನುಮಾನ ಬಂದರೆ ವಾಂತಿ ಆಗಲಿ ನೋಡೋಣ ಅಂತ ಕಾಯಬೇಡಿ, ಕೂಡಲೇ ಹೊರಡಿ. ಮೊದಲ ಕೆಲವು ಗಂಟೆಯಲ್ಲಿ ಬಂದರೆ ಉಳಿಸೋಕಾಗುತ್ತೆ.

ಎರಡು, ನಿಂತ ನೀರು. ಹೆಗ್ಗಣ, ರಕೂನ್‌ಗಳ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ ಬರುತ್ತೆ. ನಮ್ಮ ಕಡೆ ಗದ್ದೆ ಕೆಲಸದವರಿಗೆ ಮಳೆಗಾಲದಲ್ಲಿ ಬರುತ್ತಲ್ಲ ಇಲಿಜ್ವರ, ಅದೇ. ನಾಯಿಗೆ ಲಸಿಕೆ ಇದೆ. ಹಾಕಿಸಿಲ್ಲ ಅಂದ್ರೆ ವೈದ್ಯರನ್ನು ಕೇಳಿ. ವಾಕಿಂಗ್‌ಗೆ ಮುಂಚೆ ಮನೇಲೇ ನೀರು ಕುಡಿಸಿ ಕರ್ಕೊಂಡು ಹೋಗಿ, ಗುಂಡಿಗೆ ಬಾಯಿ ಹಾಕೋದು ಕಮ್ಮಿ ಆಗುತ್ತೆ.

ಮೂರು, ಹಿಮದಡಿಯಿಂದ ಏಳೋ ತಿಂಡಿ. ಕೋಳಿ ಮೂಳೆ, ಬೂಷ್ಟು ಹಿಡಿದ ಬ್ರೆಡ್ಡು, ಚೂಯಿಂಗ್ ಗಮ್. ಸಕ್ಕರೆ ರಹಿತ ಗಮ್‌ನಲ್ಲಿ ಎಷ್ಟೋ ಸಲ ಜೈಲಿಟಾಲ್ ಅನ್ನೋ ಸಿಹಿಕಾರಕ ಇರುತ್ತೆ, ಅದೂ ನಾಯಿಗೆ ವಿಷವೇ. ಈ ಎರಡು ತಿಂಗಳು ಹಗ್ಗ ಗಿಡ್ಡ ಹಿಡಿಯಿರಿ.

ಬೋ_ನದಿ (ಕ್ಯಾಲ್ಗರಿ)

ನಮ್ಮ ಕಡೆ ವಸಂತ ಒಂದು ಸಲ ಬರಲ್ಲ. ಚಿನೂಕ್ ಅನ್ನೋ ಬಿಸಿ ಗಾಳಿ ರಾಕಿ ಬೆಟ್ಟ ಇಳಿದು ಬಂದರೆ ಜನವರಿಯಲ್ಲೇ ಬೀದಿ ಪೂರ್ತಿ ಕರಗಿ ಹರಿಯುತ್ತೆ. ಸಂಜೆಗೆ ಗಾಳಿ ನಿಂತಿತು ಅಂದ್ರೆ ಅದೇ ನೀರು ಗಾಜು. ಹಾಗಾಗಿ ನೀವು ಈಗ ನೋಡೋ ದೃಶ್ಯವನ್ನೆಲ್ಲ ನಾವು ಚಳಿಗಾಲದಲ್ಲೇ ಕಂತು ಕಂತಾಗಿ ನೋಡಿರ್ತೀವಿ.

ಈಗ ನಮ್ಮ ಕಣ್ಣಿಗೆ ಜಾಸ್ತಿ ಬೀಳೋದು ಜಲ್ಲಿ. ರಸ್ತೆ ಜಾರದಿರಲಿ ಅಂತ ಉಪ್ಪಿನ ಜೊತೆ ಬೆರೆಸಿ ಹಾಕಿದ ಸಣ್ಣ ಜಲ್ಲಿ ಪೂರ್ತಿ ಕಾಲುದಾರಿಗೆ ಬಂದು ಕೂತಿದೆ. ಗುಡಿಸೋ ಗಾಡಿ ಬರೋತನಕ ನಾಯಿ ಪಾದಕ್ಕೆ ಚುಚ್ಚುತ್ತೆ. ಈ ಉಪ್ಪಿಗೆ ನೀವೆಲ್ಲ ಏನು ಮಾಡ್ತೀರಿ? ನಮ್ಮ ಚಿಕ್ಕಿ ನಡೆಯುತ್ತಾ ನಡೆಯುತ್ತಾ ಒಂದು ಕಾಲೆತ್ತಿ ನಿಂತುಬಿಡ್ತಾಳೆ.

ಪಂಜ_ಪಾಲಕಿ (ಹ್ಯಾಮಿಲ್ಟನ್)

ಉಪ್ಪು ಪಾದದ ಬಿರುಕಿಗೆ ಹೋಗಿ ಉರಿಯುತ್ತೆ, ಅದಕ್ಕೇ ಕಾಲೆತ್ತೋದು. ಹೊರಡೋ ಮುಂಚೆ ಪಾದಕ್ಕೆ ಮೇಣ ಹಚ್ಚಿ, ಅಂಗಡಿಯಲ್ಲಿ ನಾಯಿ ಪಾದಕ್ಕಂತಲೇ ಸಿಗುತ್ತೆ. ಬೂಟು ಒಪ್ಪಿಕೊಂಡರೆ ಇನ್ನೂ ಒಳ್ಳೇದು. ಬಾಗಿಲ ಹತ್ತಿರ ಒಂದು ಅಗಲ ಬಾಯಿಯ ಡಬ್ಬದಲ್ಲಿ ಉಗುರುಬೆಚ್ಚಗಿನ ನೀರಿಟ್ಟುಕೊಂಡು ಒಂದೊಂದೇ ಕಾಲು ಅದ್ದಿ ತೆಗೆಯಿರಿ. ಬೆರಳ ಸಂದಿ ಒರೆಸೋದು ಮುಖ್ಯ. ಸುಮ್ನೆ ಮೇಲೆ ಒರೆಸಿ ಬಿಟ್ಟರೆ ನಾಯಿ ಆಮೇಲೆ ನೆಕ್ಕಿ ವಾಂತಿ ಮಾಡುತ್ತೆ.

ಹತ್ತುಸಾವಿರ_ಕೆರೆ (ಮಿನಿಯಾಪೊಲಿಸ್)

ಉಪ್ಪು ಅಂದಾಗ ನನಗೆ ಸಿಟ್ಟು ಬರುತ್ತೆ. ಜನ ಮನೆ ಮುಂದೆ ಕೋಳಿಗೆ ಕಾಳು ಚೆಲ್ಲಿದ ಹಾಗೆ ಚೆಲ್ತಾರೆ. ಮೈನಸ್ ಹತ್ತರ ಕೆಳಗೆ ಮಾಮೂಲಿ ಉಪ್ಪು ಹೆಚ್ಚು ಕೆಲಸವೇ ಮಾಡಲ್ಲ. ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್ ನೀರನ್ನು, ಅಂದ್ರೆ 19 ಲೀಟರ್ ನೀರನ್ನು ಕೆಡಿಸುತ್ತೆ ಅಂತ ಮಿನೆಸೋಟದ ಮಾಲಿನ್ಯ ನಿಯಂತ್ರಣ ಸಂಸ್ಥೆ ಹೇಳುತ್ತೆ. ಕೆರೆಗೆ ಹೋದ ಕ್ಲೋರೈಡನ್ನು ವಾಪಸ್ ತೆಗೆಯೋ ಸುಲಭ ದಾರಿ ಇಲ್ಲ. ಮೊದಲು ಹಿಮ ಕೆರೆದು ತೆಗೆಯಿರಿ, ಆಮೇಲೆ ಬೇಕಾದ ಕಡೆ ಮಾತ್ರ ಚಿಟಿಕೆ ಹಾಕಿ. ಹಿಮ ಹೋದ ಮೇಲೆ ಉಳಿದ ಒಣ ಉಪ್ಪನ್ನು ಗುಡಿಸಿ ಡಬ್ಬಕ್ಕೆ ತುಂಬಿಕೊಳ್ಳಿ. ಮುಂದಿನ ಸಲಕ್ಕೆ ಆಗುತ್ತೆ.

ನೇರಮಾತು (ಮಿಸ್ಸಿಸಾಗಾ)

ಯಾರಾದರೂ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಕೇಸು ಬೀಳೋದು ಮನೆ ಮಾಲೀಕರ ಮೇಲೆ. ಅದಕ್ಕೇ ಜನ ಜಾಸ್ತಿ ಹಾಕೋದು. ಕೆರೆಗಿಂತ ಸೊಂಟ ಹತ್ತಿರ ಅಲ್ವಾ?

ಹತ್ತುಸಾವಿರ_ಕೆರೆ (ಮಿನಿಯಾಪೊಲಿಸ್)

ಸೊಂಟ ಉಳಿಸೋದು ಕೆರೆಯುವ ಸಲಿಕೆ, ಉಪ್ಪಲ್ಲ. ತೀರಾ ಜಾರುತ್ತೆ ಅಂದ್ರೆ ಮರಳು ಹಾಕಿ.

ಮುಧೋಳ_ಪ್ರೇಮಿ (ಎಡ್ಮಂಟನ್)

ವಿಷಯಾಂತರಕ್ಕೆ ಕ್ಷಮೆ ಇರಲಿ. ಇಲ್ಲಿ ಯಾರಾದರೂ ಮುಧೋಳ ನಾಯಿ ಸಾಕಿದ್ದೀರಾ? ನಮ್ಮ ತಂದೆ ಬಾಗಲಕೋಟೆ ಜಿಲ್ಲೆಯವರು, ಚಿಕ್ಕಂದಿನಿಂದ ನೋಡಿದ ತಳಿ. 2005ರಲ್ಲಿ ಅದರ ಚಿತ್ರದ ಅಂಚೆ ಚೀಟಿ ಬಂದಾಗ ನಮ್ಮಪ್ಪ ಚೀಟಿ ತಂದು ಕನ್ನಡಿ ಹಾಕಿಸಿದ್ದರು. ಒಂದು ತರಿಸಿಕೊಳ್ಳೋಣ ಅಂತ ಆಸೆ. ಈ ಚಳಿಗೆ ತಡೆಯುತ್ತಾ?

ಚಳಿಪ್ರಿಯ (ವಿನ್ನಿಪೆಗ್)

ಮುಧೋಳಕ್ಕೆ ಗಿಡ್ಡ ಕೂದಲು, ಮೈಮೇಲೆ ಕೊಬ್ಬಿಲ್ಲ, ತೆಳು ಚರ್ಮ. ಎಡ್ಮಂಟನ್ ಜನವರಿಯಲ್ಲಿ ಮೂತ್ರಕ್ಕೆ ಹೊರಗೆ ಬಿಟ್ಟು ಒಳಗೆ ಕರೆಯೋದು, ಅಷ್ಟೇ ಆಗುತ್ತೆ. ಅದು ಓಡೋಕೆ ಹುಟ್ಟಿದ ಬೇಟೆ ನಾಯಿ. ಐದು ತಿಂಗಳು ಮನೇಲಿ ಕಟ್ಟಿ ಹಾಕೋದು ಅನ್ಯಾಯ.

ಮುಧೋಳ_ಪ್ರೇಮಿ (ಎಡ್ಮಂಟನ್)

ಇಲ್ಲಿ ಗ್ರೇಹೌಂಡ್ ಸಾಕೋರು ಇದ್ದಾರಲ್ಲ ಸರ್, ದಪ್ಪ ಕೋಟು, ಬೂಟು, ಕತ್ತಿಗೆ ಶಾಲು ಎಲ್ಲ ಹಾಕಿ ಕರ್ಕೊಂಡು ಹೋಗ್ತಾರೆ.

ರಾಯರು_ಧಾರವಾಡ (ಸದ್ಯ ಬ್ರಾಂಪ್ಟನ್)

ತಮ್ಮಾ, ಮುಧೋಳ ನಾಯಿ ಬಿಸಿಲಿಗೆ ಹುಟ್ಟಿದ್ದು. ಮೊಲ ಕಂಡರೆ ಕೈಲಿರೋ ಹಗ್ಗ ಕಿತ್ತುಕೊಂಡು ಹೋಗುತ್ತೆ. ನಿಮ್ಮ ಬೀದಿ ತುಂಬ ಮೊಲ ಇರ್ತಾವಲ್ಲ. ನಮ್ಮ ಬೀದಿಯಲ್ಲೇ ಬೆಳಗ್ಗೆ ನಾಲ್ಕೈದು ಕೂತಿರ್ತಾವೆ. ಚಳಿಗಾಲದಲ್ಲಿ ತಿನ್ನೋಕೆ ಏನೂ ಸಿಗದೆ ಗಿಡದ ತೊಗಟೆ ತಿಂದು, ಹಿಮ ಎಷ್ಟೆತ್ತರ ಇತ್ತು ಅನ್ನೋ ಗುರುತು ಬಿಟ್ಟು ಹೋಗಿದ್ದಾವೆ. ಸೊಸೆ ನೆಟ್ಟ ಸೇಬಿನ ಗಿಡ ಮೊಣಕಾಲೆತ್ತರದಲ್ಲಿ ಸುತ್ತಲೂ ಬೋಳಾಗಿದೆ. ಮುಂದಿನ ವರ್ಷ ಬುಡಕ್ಕೆ ಜಾಲರಿ ಸುತ್ತಬೇಕು, ಹಿಮದ ಎತ್ತರ ಸೇರಿಸಿ ಅಳತೆ ಹಿಡಿದು.

ಕುಕ್ಕರಹಳ್ಳಿ_ಸುತ್ತು (ಮೈಸೂರು)

ನಿಮ್ಮದು ಹಿಮ ಕರಗೋ ಕಥೆ, ನಮ್ಮದು ಇಲ್ಲಿ ಡಾಂಬರು ಕಾಯೋ ಕಥೆ. ಮಾರ್ಚ್ ಬಂತು ಅಂದ್ರೆ ಬೆಳಗ್ಗೆ ಏಳರೊಳಗೆ ನಾಯಿ ತಿರುಗಿಸಿ ಮುಗಿಸಬೇಕು. ಅಂಗೈ ರಸ್ತೆ ಮೇಲಿಟ್ಟು ಐದಾರು ಸೆಕೆಂಡು ತಡೆಯೋಕಾಗದಿದ್ರೆ ನಾಯಿಗೂ ಆಗಲ್ಲ. ಎತ್ತುವ ವಿಷಯ ಮಾತ್ರ ಒಂದೇ. ನಾನು ಕವರ್ ತಗೊಂಡು ಹೋದರೆ "ಏನು ಮೇಡಂ, ಕಸದೋರು ಬರ್ತಾರಲ್ಲ" ಅಂತಾರೆ. ಪೌರಕಾರ್ಮಿಕರು ಯಾಕೆ ನನ್ನ ನಾಯಿದು ಎತ್ತಬೇಕು? ಅವರೂ ಮನುಷ್ಯರೇ.

ಸಾಗರದವ (ಒಟ್ಟಾವಾ)

ಈ ಮಾತಿಗೆ ನೂರು ಸಲ ಹೌದು.

ಇನ್ನೊಂದು ಎಚ್ಚರಿಕೆ, ಉಣುಗು. ನಾನು ಮಲೆನಾಡಿನವನು, ಮಂಗನ ಕಾಯಿಲೆ ಅಂದ್ರೇನು ಅಂತ ಗೊತ್ತು. 1957ರಲ್ಲಿ ಅದು ಮೊದಲು ಪತ್ತೆಯಾದ ಕ್ಯಾಸನೂರು ಕಾಡು ನಮ್ಮ ಪಕ್ಕದ ಸೊರಬದಲ್ಲೇ. ಇಲ್ಲಿನ ಉಣುಗು ಬೇರೆ ಜಾತಿ, ರೋಗ ಲೈಮ್. ಆದರೆ ಜನ ಇನ್ನೂ ಚಳಿ ಇದೆ ಅಂತ ನಂಬಿ ಕೂರ್ತಾರೆ. ಕಪ್ಪು ಕಾಲಿನ ಉಣುಗು ನಾಲ್ಕು ಡಿಗ್ರಿ ದಾಟಿದ ಕೂಡಲೇ ಎದ್ದು ಹುಲ್ಲಿನ ತುದಿಗೆ ಬರುತ್ತೆ. ಅಂದ್ರೆ ಹಿಮ ಅರ್ಧ ಇರುವಾಗಲೇ. ನಾಯಿ ಒಣಗಿದ ಎಲೆರಾಶಿಗೆ ನುಗ್ಗಿ ಬಂದರೆ ಕಿವಿ ಹಿಂದೆ, ಕೊರಳಪಟ್ಟಿಯ ಕೆಳಗೆ, ತೊಡೆ ಸಂದಿನಲ್ಲಿ ಬೆರಳಾಡಿಸಿ ನೋಡಿ. ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಎಲ್ಲ ಬೇಡ.

ಬೋ_ನದಿ (ಕ್ಯಾಲ್ಗರಿ)

ಬರೀ ಗಲೀಜಿನ ಮಾತೇ ಆಯ್ತು. ಚೆಂದದ್ದೂ ಹೇಳೋಣ. ನಮ್ಮೂರ ನೋಸ್ ಹಿಲ್ ಗುಡ್ಡದ ಮೇಲೆ ಏಪ್ರಿಲ್‌ನಲ್ಲಿ ಪ್ರೇರಿ ಕ್ರೋಕಸ್ ಏಳುತ್ತೆ. ತಿಳಿ ನೇರಳೆ ಹೂವು, ಕಾಂಡದ ಮೇಲೆಲ್ಲ ಬೆಳ್ಳಿ ಬಣ್ಣದ ನಯವಾದ ರೋಮ. ಒಣ ಹುಲ್ಲಿನ ಮಧ್ಯೆ ಬಗ್ಗಿ ನೋಡಿದರೇನೇ ಕಾಣೋದು. ಚಿಕ್ಕಿ ಮೂಗಿಟ್ಟಾಗ ನಾನೂ ಬಗ್ತೀನಿ.

ಹಂಬರ್_ದಂಡೆ (ಟೊರಾಂಟೊ)

ಒಳ್ಳೇ ಮಾತು ತೆಗೆದಿರಿ. ನಮ್ಮಲ್ಲಿ ಕೆಂಪು ಭುಜದ ಕರಿ ಹಕ್ಕಿ, ರೆಡ್ ವಿಂಗ್ಡ್ ಬ್ಲ್ಯಾಕ್‌ಬರ್ಡ್, ಮಾರ್ಚ್‌ಗೆಲ್ಲ ಜೊಂಡಿಗೆ ವಾಪಸ್ ಬಂದುಬಿಡುತ್ತೆ. ಗಂಡು ಹಕ್ಕಿ ಜೊಂಡಿನ ತುದಿಗೆ ಕೂತು ಭುಜ ಉಬ್ಬಿಸಿ ಕೂಗಿದಾಗ ಆ ಕೆಂಪು ಪಟ್ಟಿ ಕಾಣುತ್ತೆ, ಅದರಂಚಿಗೆ ಹಳದಿ ಗೆರೆ. ರಾಬಿನ್‌ಗಳು ಹಿಮ ಬಿಟ್ಟ ಹುಲ್ಲಲ್ಲಿ ಹುಳು ಹುಡುಕ್ತಾವೆ. ಮೇಪಲ್ ಮರಕ್ಕೆ ಬಕೆಟ್ ಕಟ್ಟೋದೂ ಈಗಲೇ. ರಾತ್ರಿ ಸೊನ್ನೆ ಕೆಳಗೆ, ಹಗಲು ಸೊನ್ನೆ ಮೇಲೆ ಇದ್ದರೆ ರಸ ಇಳಿಯುತ್ತೆ. 40 ಲೀಟರ್ ಕುದಿಸಿದರೆ ಸುಮಾರು ಒಂದು ಲೀಟರ್ ಪಾಕ. ನಾವು ದೋಸೆ ಜೊತೆ ಹಾಕ್ಕೊಂಡು ತಿಂತೀವಿ.

ರಾಯರು_ಧಾರವಾಡ (ಸದ್ಯ ಬ್ರಾಂಪ್ಟನ್)

ಜೋನಿಬೆಲ್ಲದ ಮುಂದೆ ಅದೇನೂ ಅಲ್ಲ ಬಿಡ್ರೀ.

ನೇರಮಾತು (ಮಿಸ್ಸಿಸಾಗಾ)

ರಾಯರೇ, ಇದರ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ಬರ್ತೀನಿ.

ನಿನ್ನೆ ರಾತ್ರಿ ನಮ್ಮ ನಾಯಿಗೆ ಸ್ಕಂಕ್ (ಹೆದರಿದರೆ ನಾತದ ದ್ರವ ಚಿಮ್ಮಿಸೋ ಪ್ರಾಣಿ) ಹೊಡೀತು. ಇದೇ ಕಾಲಕ್ಕೆ ಅವು ಜೋಡಿ ಹುಡುಕಿಕೊಂಡು ತಿರುಗ್ತಾವಂತೆ. ಟೊಮೆಟೊ ರಸದಲ್ಲಿ ಸ್ನಾನ ಮಾಡಿಸಿದೆವು, ಉಪಯೋಗ ಆಗಿಲ್ಲ. ಮನೆ ತುಂಬ ನಾತ. ಯಾರಾದರೂ ಬೇಗ ಹೇಳಿ.

ಪಂಜ_ಪಾಲಕಿ (ಹ್ಯಾಮಿಲ್ಟನ್)

ಟೊಮೆಟೊ ಬೇಡ, ಅದು ನಾತ ಮರೆಸುತ್ತೆ ಅಷ್ಟೇ. ಔಷಧಿ ಅಂಗಡಿಯ 3% ಹೈಡ್ರೋಜನ್ ಪೆರಾಕ್ಸೈಡ್ ಒಂದು ಲೀಟರ್, ಅಡುಗೆ ಸೋಡಾ ಕಾಲು ಕಪ್, ಪಾತ್ರೆ ತೊಳೆಯೋ ಲಿಕ್ವಿಡ್ ಒಂದೆರಡು ಟೀ ಚಮಚ. ಬಕೆಟ್‌ನಲ್ಲಿ ಕಲಸಿ ಕೂಡಲೇ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಕಣ್ಣಿಗೆ ಹೋಗಬಾರದು. ಉಳಿದದ್ದನ್ನು ಬಾಟಲಿಗೆ ಹಾಕಿ ಮುಚ್ಚಳ ಹಾಕಬೇಡಿ, ಅನಿಲ ಬಂದು ಸಿಡಿಯುತ್ತೆ. ಚೆಲ್ಲಿಬಿಡಿ. ರೇಬೀಸ್ ಲಸಿಕೆ ದಿನಾಂಕವನ್ನೂ ನೋಡ್ಕೊಳ್ಳಿ, ಸ್ಕಂಕ್ ಕಚ್ಚಿದ್ದರೆ ಕೂಡಲೇ ವೈದ್ಯರ ಹತ್ತಿರ ಹೋಗಿ.

ನೇರಮಾತು (ಮಿಸ್ಸಿಸಾಗಾ)

ಮೇಡಂ, ಕೆಲಸ ಮಾಡಿತು. ತುಂಬ ಉಪಕಾರ. ಕಚ್ಚಿಲ್ಲ, ಪೂರ್ತಿ ನೋಡಿದೆ.

ಚಳಿಪ್ರಿಯ (ವಿನ್ನಿಪೆಗ್)

ನದಿ ಪಕ್ಕ ಹೋಗೋರಿಗೆ ಒಂದು ಮಾತು. ಈಗಿನ ಐಸ್ ನಂಬಬೇಡಿ. ಮೇಲಿಂದ ಗಟ್ಟಿ ಕಾಣುತ್ತೆ, ಕೆಳಗೆ ಹರಿಯೋ ನೀರು ಕೊರೆದಿರುತ್ತೆ. ಬಾತು ಕಂಡು ನಾಯಿ ಹಾರಿ ಒಳಗೆ ಬಿದ್ದರೆ ನೀವು ಹಿಂದೆ ಇಳಿಯಬೇಡಿ. ದಂಡೆಯಿಂದಲೇ ಕರೆಯಿರಿ, 911ಕ್ಕೆ ಫೋನ್ ಮಾಡಿ. ನಾಯಿ ಎಷ್ಟೋ ಸಲ ತಾನೇ ಹತ್ತಿ ಬರುತ್ತೆ. ಮನುಷ್ಯ ಇಳಿದರೆ ಇಬ್ಬರೂ ಹೋಗ್ತಾರೆ.

ಹಂಬರ್_ದಂಡೆ (ಟೊರಾಂಟೊ)

ಎಲ್ಲರಿಗೂ ಕೈ ಮುಗಿದೆ. ಆದರೆ ನನ್ನ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ಆ ಪಕ್ಕದವರು?

ನೇರಮಾತು (ಮಿಸ್ಸಿಸಾಗಾ)

ಫೋಟೊ ತೆಗೆದು ಬೀದಿಯ ಗುಂಪಿಗೆ ಹಾಕಿ. ಇಲ್ಲಾಂದ್ರೆ ನಗರಸಭೆಗೆ ದೂರು ಕೊಡಿ. ಕೆಲವು ಕಾಂಡೊಗಳಲ್ಲಿ ಎಲ್ಲ ನಾಯಿಗಳ ಡಿಎನ್‌ಎ ತಗೊಂಡಿಟ್ಟು, ಬಿದ್ದ ಕಕ್ಕ ಪರೀಕ್ಷೆ ಮಾಡಿಸಿ ದಂಡ ಹಾಕ್ತಾರೆ. ಹಾಗೇ ಆಗಬೇಕು.

ಸಾಗರದವ (ಒಟ್ಟಾವಾ)

ಫೋಟೊ ಬೇಡ. ಅವಮಾನ ಆದವರು ಎತ್ತಲ್ಲ, ಕತ್ತಲಲ್ಲಿ ಕರ್ಕೊಂಡು ಹೋಗ್ತಾರೆ ಅಷ್ಟೇ. ಅದೇ ಬೀದಿಯಲ್ಲಿ ಇನ್ನೂ ಹತ್ತು ವರ್ಷ ಮುಖ ನೋಡಬೇಕು ನೀವು.

ಕುಕ್ಕರಹಳ್ಳಿ_ಸುತ್ತು (ಮೈಸೂರು)

ಜೊತೆಗೆ ನಡೆದು ನೋಡಿ. ಅವರ ನಾಯಿ ಕೂತಾಗ ನಿಮ್ಮ ಜೇಬಿಂದ ಒಂದು ಕವರ್ ತೆಗೆದು ಕೈಗೆ ಕೊಡಿ. ಮಾತೇ ಬೇಡ. ನನ್ನ ಬೀದಿಯಲ್ಲಿ ಇಬ್ಬರು ಹೀಗೇ ಶುರು ಮಾಡಿದರು.

ಹಂಬರ್_ದಂಡೆ (ಟೊರಾಂಟೊ)

ನಿಜ ಹೇಳಬೇಕು ಅಂದ್ರೆ ನನಗೆ ಇನ್ನೊಂದು ಅಳುಕು ಇದೆ. ಆ ಮನೆಯವರು ಇಲ್ಲೇ ಹುಟ್ಟಿ ಬೆಳೆದವರು. ನಾವು ಬಂದು ಆರೇಳು ವರ್ಷ. ಹೊರಗಿನಿಂದ ಬಂದವಳು ನಮಗೆ ಬುದ್ಧಿ ಹೇಳ್ತಾಳೆ ಅನ್ನೋ ಮುಖ ಮಾಡಿದರೆ ಅಂತ. ಆದರೆ ನನ್ನ ಮಗಳು ಹುಟ್ಟಿದ್ದು ಈ ಬೀದಿಯಲ್ಲಿ. ಅವಳು ಆಡೋದು ಆ ಹುಲ್ಲಲ್ಲಿ. ನನಗೆ ಇಲ್ಲಿನ ಜನರ ಹೆಸರಿಗಿಂತ ಮೊದಲು ಅವರ ನಾಯಿಗಳ ಹೆಸರು ಗೊತ್ತಾಗಿದ್ದು, ಮಾತು ಶುರುವಾಗಿದ್ದೂ ಹಾಗೇ. ನನ್ನ ಬೀದಿ ಅಂತ ಅನ್ನಿಸಿದ ಮೇಲೆ ಕೇಳೋಕೆ ಯಾಕೆ ಹಿಂಜರಿಕೆ ಅಂತಲೂ ಅನ್ನಿಸುತ್ತೆ.

ರಾಯರು_ಧಾರವಾಡ (ಸದ್ಯ ಬ್ರಾಂಪ್ಟನ್)

ಕೇಳಬೇಕವ್ವಾ. ಸಿಟ್ಟಿನಿಂದ ಬೇಡ. ಮಗಳ ಕೈ ಹಿಡ್ಕೊಂಡು ಹೋಗಿ, ಇವಳು ಇಲ್ಲೇ ಆಡ್ತಾಳೆ ಅಂತ ಹೇಳು. ಮನುಷ್ಯ ಅಂದ ಮೇಲೆ ತಿಳೀತದೆ. ನಾನು ಬೆಳಗ್ಗೆ ಗುಂಡನ ಜೊತೆ ಇನ್ನೆರಡು ನಾಯಿದೂ ಎತ್ತಿ ಬರ್ತೀನಿ. ಮೊದಲು ಮಗ ಬೈದ, ಈಗ ಅವನೇ ಜಾಸ್ತಿ ಕವರ್ ತಂದಿಟ್ಟಿದ್ದಾನೆ.

ಹತ್ತುಸಾವಿರ_ಕೆರೆ (ಮಿನಿಯಾಪೊಲಿಸ್)

ನಾವು ಬೀದಿಯವರು ಸೇರಿ ಒಂದು ಶನಿವಾರ ಎತ್ತುತ್ತೀವಿ. ಯಾರದು ಅಂತ ಕೇಳಲ್ಲ. ಆ ದಿನ ಬಂದವರು ಆಮೇಲೆ ತಮ್ಮದನ್ನು ಬಿಟ್ಟು ಹೋಗಿದ್ದು ನಾನು ನೋಡಿಲ್ಲ. ಅವರನ್ನೂ ಕರೆಯಿರಿ.

ಹಂಬರ್_ದಂಡೆ (ಟೊರಾಂಟೊ)

ಇದು ಹಿಡಿಸಿತು. ಇವತ್ತು ಸಂಜೆ ಅವರ ಬಾಗಿಲು ತಟ್ಟಿ ಕರೀತೀನಿ. ಟೊರಾಂಟೊ, ಮಿಸ್ಸಿಸಾಗಾ, ಬ್ರಾಂಪ್ಟನ್‌ನವರು ಬರೋ ಶನಿವಾರ ಬೆಳಗ್ಗೆ ಹತ್ತಕ್ಕೆ ಬರೋದಾದರೆ ಹೇಳಿ, ಹಂಬರ್ ನದಿ ದಂಡೆಯ ಕಾಲುದಾರಿಯಿಂದ ಶುರು ಮಾಡೋಣ. ಜಾಗ ಮೆಸೇಜ್ ಮಾಡ್ತೀನಿ. ದಪ್ಪ ರಬ್ಬರ್ ಗ್ಲೌಸ್, ಉದ್ದ ಹಿಡಿಯ ಚಿಮುಟ ಇದ್ದರೆ ತನ್ನಿ. ಕವರು ನನ್ನ ಹತ್ತಿರ ಇದೆ. ಉಪ್ಪಿಟ್ಟು, ಕಾಫಿ ನಮ್ಮ ಮನೇದು. ಒಂಟಿ ಗ್ಲೌಸ್ ಸಿಕ್ಕರೆ ಕಸಕ್ಕೆ ಹಾಕಬೇಡಿ, ಬೇಲಿಗೆ ಮಕ್ಕಳ ಕಣ್ಣೆತ್ತರದಲ್ಲಿ ಸಿಕ್ಕಿಸೋಣ. ಕಳೆದ ವರ್ಷ ಎರಡು ವಾಪಸ್ ಹೋದವು.

ನೇರಮಾತು (ಮಿಸ್ಸಿಸಾಗಾ)

ಬರ್ತೀನಿ. ರಾಯರೇ, ನಿಮ್ಮನ್ನೂ ಗುಂಡನನ್ನೂ ದಾರಿಯಲ್ಲಿ ಹತ್ತಿಸಿಕೊಳ್ತೀನಿ, ವಿಳಾಸ ಮೆಸೇಜ್ ಮಾಡಿ.

ಚಳಿಪ್ರಿಯ (ವಿನ್ನಿಪೆಗ್)

ಬೆಳಗ್ಗೆ ಹತ್ತಕ್ಕೆ ನೆರಳಿನ ಕಡೆ ಇನ್ನೂ ಗಾಜಿನಂಥ ಐಸ್ ಇರುತ್ತೆ. ರಾಯರ ಬೂಟಿಗೆ ಮುಳ್ಳಿನ ಪಟ್ಟಿ ಹಾಕಿಸಿ ಕರ್ಕೊಂಡು ಹೋಗಿ.